ಒಂದು ಕಪ್ಪು ಹಣ್ಣು ಅಂದರೆ ಎಷ್ಟು?

“ಅಲ್ಲಾ ರೀ, ಒಂದು ಕಪ್ಪು ಬಾಳೆಹಣ್ಣು ಅಂತ ಬರೆದಿದಾಳೆ. ಹೆಚ್ಚಿ ಅಳೀಲೋ, ಕಿವುಚಿ ಅಳೀಲೋ?” ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೇಳಿದರು. ಮಗಳು ಅಮೆರಿಕದಿಂದ ಕೇಕು ಮಾಡುವ ಬಗೆ ಕಳಿಸಿದ್ದಾಳೆ, ಎಲ್ಲವೂ ಕಪ್ಪಿನ ಲೆಕ್ಕ.

ಕೇಳಬೇಕಾದ ಪ್ರಶ್ನೆಯೇ ಅದು. ಅಲ್ಲಿಯ ಕಪ್ಪಿಗೆ ಸುಮಾರು 237 ಮಿಲಿಲೀಟರ್ ಹಿಡಿಯುತ್ತದೆ. ಬಾಳೆಹಣ್ಣನ್ನು ಬಿಲ್ಲೆ ಹೆಚ್ಚಿ ತುಂಬಿದರೆ ಸುಮಾರು 150 ಗ್ರಾಂ ತೂಗುತ್ತದೆ, ಕಿವುಚಿ ತುಂಬಿದರೆ 225. ಅದೇ ಹಣ್ಣು, ಅದೇ ಕಪ್ಪು, ತೂಕ ಮಾತ್ರ ಒಂದೂವರೆ ಪಟ್ಟು! ಹೋಳುಗಳ ಸಂದಿಯಲ್ಲಿ ಗಾಳಿ ಇರುತ್ತದೆ, ಕಿವುಚಿದರೆ ಅದು ಹೋಗುತ್ತದೆ, ಅಷ್ಟೇ. “ಕೇಕಿಗಾದರೆ ಕಿವುಚಿಯೇ ಅಳೀರಿ” ಎಂದೆ.

“ಸೇಬು ಗಟ್ಟಿ ಹಣ್ಣಲ್ವಾ? ಅದು ಹೆಚ್ಚು ತೂಗಬೇಕಲ್ಲ?” ಎಂದರು. ಇಲ್ಲ. ಸೇಬಿನ ತಿರುಳಿನೊಳಗೇ ಗಾಳಿ ತುಂಬಿಕೊಂಡಿರುತ್ತದೆ, ಅದಕ್ಕೇ ನೀರಿಗೆ ಹಾಕಿದರೆ ತೇಲುತ್ತದೆ. ಒಂದು ಕಪ್ಪು ಸೇಬಿನ ಹೋಳು 125 ಗ್ರಾಂ ಆಸುಪಾಸು. ಮಾವು, ಅನಾನಸ್ ಹೋಳಾದರೆ 165ರ ಹತ್ತಿರ. ಸ್ಟ್ರಾಬೆರಿ ಇಡಿಯಾಗಿ 144, ರುಬ್ಬಿದರೆ 232.

ಅಮೆರಿಕದಲ್ಲಿ ಕಪ್ಪನ್ನು ಮಟ್ಟ ಸವರಿ ಅಳೆಯುವ ರೂಢಿ ಬೇರೂರಿದ್ದರಲ್ಲಿ 1896ರಲ್ಲಿ ಬಂದ ಫ್ಯಾನಿ ಫಾರ್ಮರ್ ಅವರ ಅಡುಗೆ ಪುಸ್ತಕದ ಪಾಲು ದೊಡ್ಡದು. ಸಕ್ಕರೆಗೆ ಆ ಕ್ರಮ ಚೆನ್ನಾಗಿ ಒಪ್ಪುತ್ತದೆ. ಹಣ್ಣಿನ ಹೋಳನ್ನು ಮಟ್ಟ ಸವರುವುದು ಹೇಗೆ? ನಮ್ಮ ಕಡೆ ಅಕ್ಕಿ, ಬೇಳೆ, ಉಪ್ಪಿಗೆ ಪಾವು, ಸೇರು ಇದ್ದವು. ಅಪ್ಪೆಮಿಡಿಯನ್ನು ಮಾತ್ರ ನೂರು, ಇನ್ನೂರು ಅಂತ ಎಣಿಸಿಯೇ ಕೊಳ್ಳುತ್ತಿದ್ದರು, ಈಗಲೂ ಹಾಗೇ. ಹಣ್ಣನ್ನು ಪಾವಿಗೆ ತುಂಬಿದ್ದು ನಾನಂತೂ ಕಂಡಿಲ್ಲ. ಹಿರಿಯರು ಯೋಚಿಸಿಯೇ ಮಾಡಿದ್ದಾರೆ ಅನ್ನಿಸುತ್ತದೆ.

“ಅಷ್ಟೆಲ್ಲ ನೋಡಬೇಕಾ? ನಾವು ಗೊಜ್ಜು ಕಣ್ಣಳತೆಯಲ್ಲೇ ಮಾಡ್ತೀವಲ್ಲ” ಅಂದರು. ಗೊಜ್ಜಿಗೆ ತಕ್ಕಡಿ ಖಂಡಿತ ಬೇಡ. ಬೆಲ್ಲ, ಹುಣಿಸೆಹಣ್ಣು ಹೆಚ್ಚುಕಡಿಮೆಯಾದರೆ ರುಚಿ ನೋಡಿ ಸರಿಮಾಡಬಹುದು. ಜಾಮ್ ಹಾಗಲ್ಲ. ಅದು ಗಟ್ಟಿಯಾಗುವುದೂ ಕೆಡದೆ ಉಳಿಯುವುದೂ ಬಹುಪಾಲು ಸಕ್ಕರೆಯ ಪ್ರಮಾಣದ ಮೇಲೆ. ಮನೆಗಳಲ್ಲಿ ಹಣ್ಣಿಗೆ ಸಮ ಸಕ್ಕರೆ ಅನ್ನುವುದು ತೂಕದ ಮಾತು. ಒಂದು ಕಪ್ಪು ಸಕ್ಕರೆ 200 ಗ್ರಾಂ. ಕಪ್ಪಿಗೆ ಕಪ್ಪು ಹಾಕಿದರೆ 165 ಗ್ರಾಂ ಮಾವಿನ ಹೋಳಿಗೆ 200 ಗ್ರಾಂ ಸಕ್ಕರೆ ಬಿದ್ದು ಅತಿ ಸಿಹಿಯಾಗುತ್ತದೆ. ಮಾವಿನ ಹಣ್ಣಿನ ರಸವನ್ನೇ ಅಳೆದರೆ ಸಕ್ಕರೆ ಸಾಲದೆ, ಜಾಮ್ ಬೇಗ ಬೂಷ್ಟು ಹಿಡಿಯಬಹುದು.

ಹಾಗಂತ “ಅರ್ಧ ಕಿಲೋ ಅನಾನಸ್” ಎಂದು ಬರೆದರೂ ಮುಗಿಯುವುದಿಲ್ಲ. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದರೆ ಹೆಚ್ಚುಕಡಿಮೆ ಅರ್ಧ ತೂಕವೇ ಹೋಗುತ್ತದೆ. ಬಾಳೆಹಣ್ಣಿನಲ್ಲಿ ಮೂರರಲ್ಲೊಂದು ಪಾಲು ಸಿಪ್ಪೆ. ಹಲಸಿನ ಹಣ್ಣಿನ ವಿಷಯ ಹೇಳುವುದೇ ಬೇಡ.

ಅಡುಗೆ ಬರೆದು ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟು: ಹಣ್ಣನ್ನು ಬಿಡಿಸಿ, ಹೆಚ್ಚಿ, ತೂಗಿ, ಆಮೇಲೆ ಗ್ರಾಂ ಬರೆಯಿರಿ. ಕಪ್ಪಿನಲ್ಲೇ ಹೇಳಬೇಕಿದ್ದರೆ ಹೋಳೋ, ರಸವೋ, ಒತ್ತಿ ತುಂಬಿದ್ದೋ ಎಂಬುದನ್ನು ಪಕ್ಕದಲ್ಲಿ ಸೇರಿಸಿ. ಮಾಡುವವರು ದೂರದ ಊರಿನಲ್ಲಿರುತ್ತಾರೆ, ಬೇಲಿಯ ಹತ್ತಿರ ಬಂದು ಕೇಳಲು ಅವರಿಗೆ ಆಗುವುದಿಲ್ಲ.