ಮೇಲ್ಮನೆಯ ಸಂಪಣ್ಣ

ಮೀನು ಸಾಕುವವರಲ್ಲಿ ಎರಡು ಪಂಗಡ. ಮೀನಿಗಾಗಿ ತೊಟ್ಟಿ ಇಟ್ಟವರದು ಒಂದು, ಪೈಪಿಗಾಗಿ ಮೀನು ಇಟ್ಟವರದು ಇನ್ನೊಂದು. ಮೊದಲಿನವರು ನಿರುಪದ್ರವಿಗಳು. ಶಿವಾಜಿನಗರದಿಂದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗೋಲ್ಡ್‌ಫಿಶ್ ತಂದು, ಗಾಜಿನ ಬೋಗುಣಿಗೆ ಬಿಟ್ಟು, ಒಂದಷ್ಟು ದಿನ ಹೆಸರಿಟ್ಟು ಕರೆದು, ಆಮೇಲೆ ಗುಲಾಬಿ ಗಿಡದ ಬುಡದಲ್ಲಿ ಹೂತು ಸುಮ್ಮನಾಗುತ್ತಾರೆ. ಎರಡನೆಯವರು ಸುಮ್ಮನಾಗುವ ಪೈಕಿ ಅಲ್ಲ. ನೀರು ಒಂದು ಕಡೆ ಇಳಿಯಬೇಕು, ಇನ್ನೊಂದು ಕಡೆ ಏರಬೇಕು, ಅದು ಇಳಿದು ಏರುವಾಗ ಪಕ್ಕದಲ್ಲಿ ಒಬ್ಬ ನಿಂತು ‘ಆಹಾ’ ಅನ್ನಬೇಕು. ಆ ಒಬ್ಬ ಯಾರು ಎಂಬುದು ಆಯಾ ಬೀದಿಯ ಹಣೆಬರಹ. ನಮ್ಮ ಬೀದಿಯಲ್ಲಿ ಅದು ನಾನು.

ನಮ್ಮ ಮೇಲಿನ ಮನೆಯ ಬಾಡಿಗೆದಾರರ ನಿಜವಾದ ಹೆಸರು ಬೇರೆ. ಸಂಪಣ್ಣ ಎಂದು ನಾಮಕರಣ ಮಾಡಿದ್ದು ಓನರ್ರು, ಸಿಟ್ಟಿನಲ್ಲಿ. ಒಂದು ರಾತ್ರಿ ಇವರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ “ಸಂಪು ಲೀಕ್ ಆಗ್ತಿದೆ ಕಣಯ್ಯಾ” ಎಂದದ್ದು ಓನರ್ ಕಿವಿಗೆ ಬಿತ್ತು. ಬೆಂಗಳೂರಿನಲ್ಲಿ ಸಂಪು ಎಂದರೆ ಗೇಟಿನ ಪಕ್ಕ ನೆಲದಡಿ ಕಾವೇರಿ ನೀರನ್ನೋ ಟ್ಯಾಂಕರ್ ನೀರನ್ನೋ ಕಾಪಿಡುವ ಆಸ್ತಿ. ಓನರ್ರು ಲುಂಗಿಯಲ್ಲೇ ಟಾರ್ಚ್ ಹಿಡಿದು ಓಡಿ ಬಂದು ಮುಚ್ಚಳ ತೆಗೆದು ಇಣುಕಿದರು. ಸಂಪಣ್ಣನವರ ಸಂಪು ಇರುವುದು ಮಹಡಿಯ ಹಾಲಿನಲ್ಲಿ, ಮೀನಿನ ತೊಟ್ಟಿಯ ಕೆಳಗಿನ ಕಪಾಟಿನೊಳಗೆ. ಮೇಲಿನ ತೊಟ್ಟಿಯಲ್ಲಿ ಹೆಚ್ಚಾದ ನೀರು ತನ್ನ ಭಾರಕ್ಕೆ ತಾನೇ ಪೈಪಿನಲ್ಲಿ ಇಳಿದು ಕೆಳಗಿನ ತೊಟ್ಟಿಗೆ ಬರುತ್ತದೆ. ಅಲ್ಲಿ ಸ್ಪಂಜುಗಳ ನಡುವೆ ಹಾದು, ಕೊಳೆ ಕಳೆದುಕೊಂಡು, ಪಂಪು ದಬ್ಬಿದಂತೆ ಮತ್ತೆ ಮೇಲೇರುತ್ತದೆ. ಮೇಲಿನ ತೊಟ್ಟಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಅಂದರೆ ಸುಮಾರು 450 ಲೀಟರ್. ನೀರಿನದೇ 450 ಕೆ.ಜಿ. ತೂಕ, ಗಾಜು ಕಲ್ಲು ಬೇರೆ. ಅದರ ನೇರ ಕೆಳಗೆ ನಮ್ಮ ಮನೆಯ ದಿವಾನ. ಈ ಲೆಕ್ಕ ತಿಳಿದ ದಿನದಿಂದ ನಾನು ದಿವಾನದ ಎಡತುದಿಯಲ್ಲಿ ಕೂರುತ್ತೇನೆ. ಇಷ್ಟೆಲ್ಲ ಯಾರಿಗಾಗಿ ಎಂದರೆ ಐದು ಗೋಲ್ಡ್‌ಫಿಶ್ ಮತ್ತು ಎಣಿಕೆಗೆ ಸಿಗದಷ್ಟು ಬಸವನಹುಳುಗಳಿಗಾಗಿ.

“ಸಾರ್, ಫ್ರೀ ಇದೀರಾ? ಒಂದೇ ಒಂದು ಎಲ್ಬೋ ತರಬೇಕಿತ್ತು” ಎಂದು ಭಾನುವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತರೆ, ನನ್ನ ಹೆಂಡತಿ ಮಧ್ಯಾಹ್ನದ ಅನ್ನಕ್ಕೆ ನನ್ನ ಪಾಲಿನ ಅಕ್ಕಿ ಹಾಕುವುದಿಲ್ಲ. ಒಂದೇ ಒಂದು ಎಲ್ಬೋ ಎಂಬ ವಸ್ತು ಪ್ರಪಂಚದಲ್ಲಿ ಇಲ್ಲ. ಎಲ್ಬೋ ಬಂದರೆ ಅದಕ್ಕೊಂದು ತುಂಡು ಪೈಪು, ಪೈಪಿಗೊಂದು ಕಪ್ಲರ್, ಅದರಾಚೆ ವಾಲ್ವು, ವಾಲ್ವಿಗೊಂದು ಎಂಟಿಎ, ಎಂಟಿಎಗೆ ಟೆಫ್ಲಾನ್ ಟೇಪು. ಇಷ್ಟನ್ನೂ ಕೊಂಡು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ಬೇಕಾಗಿದ್ದದ್ದು ಟೀ.

ಹಾರ್ಡ್‌ವೇರ್ ಅಂಗಡಿಯಲ್ಲಿ ಅವರು ಶರ್ಟಿನ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆಯುತ್ತಾರೆ. ಪಿಯುಸಿ ಲ್ಯಾಬಿನಲ್ಲಿ ಬಿಟ್ಟು ಬಂದ ಆ ಸಾಧನವನ್ನು ಮತ್ತೆ ನೋಡುವೆನೆಂದು ನಾನು ಅಂದುಕೊಂಡಿರಲಿಲ್ಲ.

“ಒಂದಿಂಚು ಎಲ್ಬೋ ಕೊಡಿ.”

“ಯಾವ್ದು ಸಾರ್? ಯುಪಿವಿಸಿನಾ, ಸಿಪಿವಿಸಿನಾ, ಮಾಮೂಲಿ ಪಿವಿಸಿನಾ?”

ಈ ಪ್ರಶ್ನೆಗಾಗಿಯೇ ಅವರು ಅಲ್ಲಿಗೆ ಹೋಗುವುದು ಎಂದು ನನ್ನ ಗುಮಾನಿ. ಮೂರು ಜಾತಿಯ ಪೈಪಿನ ತುಂಡುಗಳನ್ನೂ ಕೇಳಿ ತರಿಸಿಕೊಂಡು ಗಲ್ಲಾದ ಮೇಲೆ ಸಾಲಾಗಿ ನಿಲ್ಲಿಸಿದರು. ಬಿಳಿಯ ಯುಪಿವಿಸಿಯ ಹೊರಸುತ್ತಿನ ಅಡ್ಡಳತೆ 33.4 ಮಿ.ಮೀ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿಯದು 28.6. ತೋಟಕ್ಕೆ ಹೋಗುವ ಬೂದುಬಣ್ಣದ ಪಿವಿಸಿಯದು 32. “ನೋಡಿ ಸಾರ್, ಮೂರಕ್ಕೂ ಒಂದಿಂಚು ಅಂತಾರೆ. ಇಂಚು ಅಂದ್ರೆ 25.4. ಒಂದಾದ್ರೂ ಇದೆಯಾ? ಒಂದರದ್ದು ಇನ್ನೊಂದಕ್ಕೆ ಕೂರುತ್ತಾ?” ಎಂದು ನನ್ನನ್ನು ಕೇಳಿದರು. ಅದು ನನ್ನ ಅಪರಾಧವೇನೋ ಎಂಬಂತಿತ್ತು ಧ್ವನಿ. ಹಿಂದೆ ಎರಡು ಕೆ.ಜಿ. ಮೊಳೆಗೆ ಬಂದ ಗಾರೆ ಮೇಸ್ತ್ರಿ, ನಲ್ಲಿ ವಾಷರಿಗೆ ಬಂದ ಅಜ್ಜಿ, ಪೇಂಟಿಗೆ ಬಂದ ಹುಡುಗ. ಅಜ್ಜಿ “ಏನಂತೆ?” ಎಂದರು. ಮೇಸ್ತ್ರಿ “ಅಳ್ತೆ ಸರಿಯಿಲ್ವಂತೆ” ಎಂದ.

ಅಂಗಡಿಯವನು ಎಲ್ಲವನ್ನೂ ಕೇಳಿಸಿಕೊಂಡು, “ಮನೇಲಿರೋ ಪೈಪು ಯಾವ ಬಣ್ಣ ಸಾರ್?” ಎಂದ.

“ಬಿಳಿ.”

ಹಿಂದೆ ತಿರುಗದೆ ಕೈ ಚಾಚಿ ಬಿಳಿ ಎಲ್ಬೋ ತೆಗೆದು ಇಟ್ಟ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಟಿಎ ಉಳಿದಿತ್ತು. ಒಂದು ತುದಿಗೆ ಪೈಪಿನ ಅಂಟು, ಇನ್ನೊಂದು ತುದಿಗೆ ಮರೆ ಸುತ್ತು ಇರುವ ತುಂಡು ಅದು. ಅಂಗಡಿಯವನು ಒಳ್ಳೆಯ ಗಿರಾಕಿಯೆಂದು ಹಿತ್ತಾಳೆ ಮರೆಯಿರುವ ದುಬಾರಿ ಮಾಲನ್ನೇ ತೆಗೆದ. ಸಂಪಣ್ಣನವರು ಅದನ್ನು ಬೆಳಕಿಗೆ ಹಿಡಿದು ಹಿಂದಕ್ಕೆ ತಳ್ಳಿದರು. “ಹಿತ್ತಾಳೆ ಬೇಡ. ಬರೀ ಪ್ಲಾಸ್ಟಿಕ್ಕಿಂದು ಕೊಡಿ.”

“ಇದು ಲೈಫ್ ಬರತ್ತೆ ಸಾರ್. ಅದು ಕಮ್ಮಿ ರೇಟಿಂದು.”

“ಹಿತ್ತಾಳೇಲಿ ತಾಮ್ರ ಇರತ್ತಲ್ರೀ. ನೀರಿಗೆ ಬಿಟ್ಟರೆ ಬಸವನಹುಳುಗೆ ಆಗಲ್ಲ.”

ಮಾತು ನಿಜ. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಬಸವನಹುಳು, ಸಿಗಡಿಗಳು ತಡೆದುಕೊಳ್ಳಲಾರವು. ಆದರೆ ಇಂಥ ಸತ್ಯವನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳುವವರ ಪಕ್ಕದಲ್ಲಿ ನಿಲ್ಲುವುದಕ್ಕೆ ಗಂಡೆದೆ ಬೇಕು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಪೇಂಟಿನ ಬಣ್ಣದ ಪಟ್ಟಿ ನೋಡಿದೆ.

ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದಿಂದ ಬಂದ ಭಾಮೈದನಿಂದ ಅವರು ಚಾಕೊಲೇಟ್ ತರಿಸಲಿಲ್ಲ, ಯೂನಿಯನ್ ಎಂಬ ಒಂದಿಂಚಿನ ಪೈಪಿನ ಕೀಲು ತರಿಸಿದರು. ಅಲ್ಲಿನ ಮರೆಗೆ ಇಂಚಿಗೆ ಹನ್ನೊಂದೂವರೆ ಸುತ್ತು, ನಮ್ಮದಕ್ಕೆ ಹನ್ನೊಂದು. ನಯವಾಗಿ ಶುರುವಾಗಿ ನಡುವೆ ಕಚ್ಚಿಕೊಂಡಿತು. ಅದೀಗ ಷೋಕೇಸಿನಲ್ಲಿದೆ. ಗಾಜು ಕೊರೆಸುವ ಮುನ್ನ ಟ್ಯಾಂಕ್ ನಿಪ್ಪಲ್ ಕೊಂಡು ಅಳೆಯಬೇಕು, ತೂತು ಆಮೇಲೆ ಎಂಬುದು ಅವರ ಧರ್ಮಸೂತ್ರ. ತಾರಸಿಯ ಸಿಂಟೆಕ್ಸ್ ಟ್ಯಾಂಕಿಗೆ ಹಾಕುತ್ತಾರಲ್ಲ, ಅದೇ ನಿಪ್ಪಲ್. ಅದರ ರಬ್ಬರ್ ವಾಷರ್ ಅಗಲ ಅಂಚಿನ ಕಡೆ, ನೀರಿರುವ ಒಳಬದಿಗೆ ಬರಬೇಕು. ನಟ್ಟಿನ ಕಡೆ ಹಾಕಿದರೆ ನೀರು ಮರೆಯಗುಂಟ ಬಂದೇ ಬರುತ್ತದೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು, ಅಷ್ಟೇ. ಪ್ಲಂಬರ್ ಒಮ್ಮೆ “ಇನ್ನೊಂದ್ ಸುತ್ತು ಕೊಡ್ಲಾ ಸಾರ್?” ಎಂದು ಪಾನಾ ಎತ್ತಿದಾಗ ಇವರು ಅವನ ಎರಡೂ ಕೈ ಹಿಡಿದುಕೊಂಡರು.

ಇನ್ನು ಶಬ್ದ. ಇಳಿಯುವ ಪೈಪಿನಲ್ಲಿ ನೀರಿನ ಜೊತೆ ಗಾಳಿ ಸೇರಿದರೆ ಗೊಟಗೊಟ ಸದ್ದು. ಗಾಳಿ ಸೇರದಂತೆ ಪೈಪು ತುಂಬಿ ಹರಿಯಬೇಕಾದರೆ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚುವ ಬಾಲ್ ವಾಲ್ವಿನಿಂದ ಅದು ಆಗದು, ಗೇಟ್ ವಾಲ್ವೇ ಬೇಕು. ಅದನ್ನು ಹಾಕಿದ ರಾತ್ರಿ ನನ್ನನ್ನು ಮೇಲಕ್ಕೆ ಕರೆದು, ಫ್ಯಾನ್ ಆರಿಸಿ, ಕಪಾಟಿನ ಮುಂದೆ ಕೂರಿಸಿ, “ಏನಾದ್ರೂ ಕೇಳಿಸ್ತಾ?” ಎಂದರು. “ಇಲ್ಲ” ಎಂದೆ. “ಅದೇ ಸಾರ್!” ಎಂದು ನನ್ನ ಭುಜ ತಟ್ಟಿದರು. ಅವರ ಮನೆಯವರು ಒಳಗಿನಿಂದ, “ಕೇಳಿಸದೇ ಇರೋದನ್ನ ಕೇಳೋಕೆ ಅವರನ್ನ ಯಾಕ್ರೀ ಎಬ್ಬಿಸಿಕೊಂಡು ಬಂದ್ರಿ?” ಎಂದರು. ನನಗೂ ಅದೇ ಅನ್ನಿಸಿತ್ತು.

ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಏರುವ ಪೈಪಿನಲ್ಲೇ ನೀರು ಹಿಮ್ಮುಖವಾಗಿ ಸಂಪಿಗೆ ಇಳಿಯುತ್ತದೆ. ಮೇಲಿನ ತೊಟ್ಟಿಯಲ್ಲಿ ಮಟ್ಟ ಒಂದಿಂಚು ಇಳಿದರೆ 19 ಲೀಟರ್. ಇದನ್ನು ತಡೆಯಲು ನೀರಿನ ಮಟ್ಟಕ್ಕೆ ತುಸು ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದಿರುತ್ತಾರೆ. ಮಟ್ಟ ಇಳಿದು ಅಲ್ಲಿ ಗಾಳಿ ಹೊಕ್ಕರೆ ಹರಿವು ಕಡಿಯುತ್ತದೆ. ಹೋದ ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು. ಹರಿವು ಕಡಿಯಲಿಲ್ಲ. ಸಂಪು ತುಂಬಿತು, ಕಪಾಟು ದಾಟಿತು, ಮೊಸಾಯಿಕ್ ನೆಲದ ಸಂದಿಯಲ್ಲಿ ಇಳಿದು ನಮ್ಮ ದಿವಾನದ ಎಡತುದಿಗೆ ತೊಟ್ಟಿಕ್ಕಿತು. ಟವೆಲ್ಲಿನೊಡನೆ ಓಡಿ ಬಂದ ಸಂಪಣ್ಣನವರ ಮುಖದಲ್ಲಿ ಪಶ್ಚಾತ್ತಾಪವಿರಲಿಲ್ಲ, ತನಿಖಾಧಿಕಾರಿಯ ಹೊಳಪಿತ್ತು. “ಡಿಸೈನ್ ಸರಿಯಾಗೇ ಇತ್ತು ಸಾರ್. ತೂತಿನ ಮೇಲೆ ಬಸವನಹುಳು ಕೂತುಬಿಟ್ಟಿದೆ!” ಹಿತ್ತಾಳೆಯಿಂದ ಕಾಪಾಡಿದ ಹುಳು. ಒದ್ದೆಯಾದ ನನ್ನ ಪೇಪರಿನ ಅಂಚಿನಲ್ಲೇ ಎರಡು ತೂತಿನ ಹೊಸ ನಕ್ಷೆ ಬರೆದು ತೋರಿಸಿದರು. ಎರಡರ ಮೇಲೂ ಒಟ್ಟಿಗೆ ಹುಳು ಕೂರುವುದು ಅಪರೂಪ ಎಂಬುದು ಅವರ ಸಮಾಧಾನ.

ಆದರೂ ಈ ಮನುಷ್ಯನನ್ನು ಬೈಯಲು ಬಾಯಿ ಬರುವುದಿಲ್ಲ. ನಮ್ಮ ಅಡುಗೆಮನೆಯ ಸಿಂಕಿನಡಿ ರಾತ್ರಿ ಹೊತ್ತು ಪೈಪು ಕಿತ್ತುಬಂದಾಗ, ಫೋನೆತ್ತದ ಪ್ಲಂಬರುಗಳ ನಡುವೆ ಖಾನೆಖಾನೆಯ ಡಬ್ಬಿ ಹಿಡಿದು ಬಂದವರು ಇವರೇ. ಜೋಡಿಸಿದ ಮೇಲೆ ಕೀಲಿನಡಿ ಒಣ ಪೇಪರ್ ಹಾಸಿ, ಅದು ಒಣಗಿಯೇ ಉಳಿದದ್ದನ್ನು ನೋಡಿದ ಮೇಲೆ ಕಾಫಿ ಕುಡಿದರು. ಅಂದೇ ಕೇಳಿದ್ದೆ, ನಿಮ್ಮ ತೊಟ್ಟಿಯಲ್ಲಿ ಹೆಜ್ಜೆಗೊಂದು ಯೂನಿಯನ್ ಯಾಕೆ ಎಂದು. “ಸಾಲ್ವೆಂಟ್ ಹಾಕಿ ಅಂಟಿಸಿದ್ರೆ ಮುಗೀತು ಸಾರ್, ಕುಯ್ದೇ ತೆಗೀಬೇಕು. ಯೂನಿಯನ್ ಆದ್ರೆ ಬಿಚ್ಕೊಂಡು ಹೋಗ್ಬಹುದು. ಬಾಡಿಗೆ ಮನೆ ಅಲ್ವಾ?” ಬ್ಯಾಂಕಿನ ಕೆಲಸದಲ್ಲಿ ಬೀದರಿನಿಂದ ಮಡಿಕೇರಿಯವರೆಗೆ ವರ್ಗವಾಗಿ, ನಿವೃತ್ತರಾದ ಮೇಲೂ ಬಾಡಿಗೆ ಮನೆಯಲ್ಲೇ ಉಳಿದವರು. ಅವರ ಗೋಡೆಗಳಲ್ಲಿ ಕ್ಯಾಲೆಂಡರಿಗೂ ಮೊಳೆಯಿಲ್ಲ. ಹೊರಡುವ ದಿನ ಒಡೆಯದೆ, ಕುಯ್ಯದೆ, ಯಾರ ಅಡ್ವಾನ್ಸಿಗೂ ಕತ್ತರಿ ಬೀಳದಂತೆ ಕಳಚಿಕೊಳ್ಳುವುದನ್ನು ಎಷ್ಟು ಜನ ಕಲಿತಿರುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ, “ಆ ಯೂನಿಯನ್ನಿಗೆ ಓ-ರಿಂಗ್ ಬೇಕಿತ್ತು, ಭಾನುವಾರ ಫ್ರೀನಾ?” ಎಂದರು.

ಮನೆ ಖಾಲಿ ಮಾಡಿಸುತ್ತೇನೆಂದು ಮೇಲೆ ಹೋದ ಓನರ್ರು, ಗೇಟ್ ವಾಲ್ವಿನ ಮುಂದೆ ಬಹಳ ಹೊತ್ತು ಕೂತು ಇಳಿದು ಬಂದರು. ಈಗ ಅವರು ತಾರಸಿಯಲ್ಲಿ ತಾವರೆ ಕೊಳ ಕಟ್ಟಿಸುತ್ತಿದ್ದಾರೆ. ನಿನ್ನೆ ಸಂಜೆ ಸಂಪಣ್ಣನವರು ಮೊದಲ ಬಾರಿಗೆ ಬಾಡಿದ ಮುಖ ಹೊತ್ತು ನಮ್ಮ ಬಾಗಿಲಿಗೆ ಬಂದರು.

“ನೀವೊಂದು ಮಾತು ಹೇಳಿ ಸಾರ್. ಎಂಟುನೂರು ಲೀಟರಂತೆ. ಅದರ ನೇರ ಕೆಳಗೆ ನಮ್ಮ ಮಂಚ.”

ನಾನು ಅವರನ್ನು ದಿವಾನದ ಬಲತುದಿಯಲ್ಲಿ ಕೂರಿಸಿ ಕೇಳಿದೆ: “ಟ್ಯಾಂಕ್ ನಿಪ್ಪಲ್ಲಿಗೆ ವಾಷರ್ ಯಾವ ಕಡೆ ಹಾಕಿಸಿದ್ದಾರಂತೆ?”