ರಿಮೋಟಿನ ಕಾವಲುಗಾರ

ಪ್ರತಿ ಸಭೆಯಲ್ಲೂ ಹಾಡು ಎತ್ತಿಕೊಡುವವರೊಬ್ಬರು, ಕಾಣಿಕೆ ಎಣಿಸುವವರೊಬ್ಬರು, ಪ್ರಸಂಗ ಮುಗಿಯುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುವವರೊಬ್ಬರು ಇದ್ದೇ ಇರುತ್ತಾರೆ. ಮನೆಮನೆಗೆ ಡಿಶ್ಶು ಬಂದಮೇಲೆ ಈ ಪಟ್ಟಿಗೆ ಇನ್ನೊಬ್ಬರು ಸೇರಿದ್ದಾರೆ. ಮಕ್ಕಳ ಕಾರ್ಟೂನಿನೊಳಗೆ ಸೈತಾನ ಎಲ್ಲಿ ಅಡಗಿ ಕೂತಿದ್ದಾನೆ ಎಂದು ಹುಡುಕುವ ಅಪ್ಪ.

ಮಾಕಳಿದುರ್ಗದಲ್ಲಿ ರೈಲ್ವೆ ಸ್ಟೇಷನ್ನಿನ ಕಡೆ ಇಂಥವರೊಬ್ಬರ ಮನೆಯಿದೆ ಎಂದಿಟ್ಟುಕೊಳ್ಳಿ. ಊರವರೆಲ್ಲ ಕರೆಯುವಂತೆ ನಾವೂ ಅವರನ್ನು ಅಣ್ಣ ಎಂದೇ ಕರೆಯೋಣ. ವಾರವಿಡೀ ದೊಡ್ಡಬಳ್ಳಾಪುರದ ಅಪೆರೆಲ್ ಪಾರ್ಕಿನ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಶರ್ಟಿನ ಕಂಕುಳಲ್ಲಿ ಒಂದು ನೂಲು ಎದ್ದಿದ್ದರೂ ಅಣ್ಣನ ಕಣ್ಣಿಗೆ ಬಿತ್ತೆಂದೇ ಲೆಕ್ಕ. ಪೀಸು ಒಂದೋ ಪಾಸು, ಇಲ್ಲವೇ ಆಲ್ಟರು, ಇಲ್ಲವೇ ರಿಜೆಕ್ಟು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಸೋಫಾದ ಮೇಲೆ ಕೂತರೆ ಅದೇ ಕಣ್ಣು, ಅದೇ ಮೂರು ತೀರ್ಪು. ಪೀಸು ಮಾತ್ರ ಬೇರೆ: ಡೋರೇಮಾನ್, ಮೋಟು ಪತ್ಲು, ಛೋಟಾ ಭೀಮ್.

ಟಿವಿಯ ಪಕ್ಕದ ಗೋಡೆಗೆ ಅಣ್ಣ ಒಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿ ನಾಲ್ಕು ಪ್ರಶ್ನೆ. ಮಾಟಮಂತ್ರ ಇದೆಯೇ? ಹೊಡೆದಾಟ ಇದೆಯೇ? ದೊಡ್ಡವರಿಗೆ ಎದುರುತ್ತರ ಇದೆಯೇ? ಸುಳ್ಳು ಇದೆಯೇ? ಮಕ್ಕಳು ಏನು ನೋಡಬೇಕಾದರೂ ಮೊದಲು ಅಣ್ಣ ಒಂದು ಎಪಿಸೋಡು ನೋಡಿ ಟಿಕ್ ಹಾಕಬೇಕು. ಹೀಗಾಗಿ ಆ ಮನೆಯಲ್ಲಿ ಅತಿ ಹೆಚ್ಚು ಕಾರ್ಟೂನ್ ನೋಡಿರುವವರು ಅಣ್ಣನೇ. ಡೋರೇಮಾನಿನ ನೊಬಿತಾ ಪರೀಕ್ಷೆಯಲ್ಲಿ ಎಷ್ಟು ಸಲ ಸೊನ್ನೆ ತೆಗೆದುಕೊಂಡ ಎನ್ನುವುದು ಮಗನಿಗೆ ಗೊತ್ತಿಲ್ಲ, ಅಣ್ಣನಿಗೆ ಗೊತ್ತು.

ಈ ತನಿಖೆಗೆ ದೊಡ್ಡ ಅಡ್ಡಿಯೆಂದರೆ ರೈಲು. ಮನೆಯ ಹಿಂದೆಯೇ ಹಳಿ. ಗೂಡ್ಸ್ ಗಾಡಿ ಹೊರಟಿತೆಂದರೆ ಮುಗಿಯುವುದೇ ಇಲ್ಲ. ಬಾಗಿಲ ಚಿಲಕ, ಗೋಡೆಯ ಕ್ಯಾಲೆಂಡರು, ಕಿಟಕಿಯ ಗಾಜು ಎಲ್ಲವೂ ಅದರ ಜೊತೆ ಹೊರಡುತ್ತವೆ. ಟಿವಿಯಲ್ಲಿ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಕೇಳಿಸದ ಮಾತು ಏನು ಬೇಕಾದರೂ ಆಗಿರಬಹುದಲ್ಲ? ಅಣ್ಣ ತಕ್ಷಣ ಟಿವಿ ಆಫ್ ಮಾಡುತ್ತಾರೆ. ಗಾಡಿ ದಾಟಿದ ಮೇಲೆ ಆನ್ ಮಾಡಿದರೆ ಭೀಮ್ ಆಗಲೇ ಗೆದ್ದು ಲಾಡು ತಿನ್ನುತ್ತಿರುತ್ತಾನೆ. ಯಾರನ್ನು ಗೆದ್ದ, ಹೇಗೆ ಗೆದ್ದ ಎಂದು ಆ ಮನೆಯ ಮಕ್ಕಳಿಗೆ ಇವತ್ತಿಗೂ ತಿಳಿದಿಲ್ಲ.

ಛೋಟಾ ಭೀಮ್ ಅಣ್ಣನ ಕೈಗೆ ಸಿಕ್ಕ ಅತಿ ಕಷ್ಟದ ಪೀಸು. ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ರಾಜೀವ್ ಚಿಲಕ ಹುಟ್ಟುಹಾಕಿದ ಈ ಹುಡುಗ 2008ರಲ್ಲಿ ಪೋಗೊ ಚಾನೆಲ್ಲಿಗೆ ಬಂದ. ಹೆಸರು ಮಹಾಭಾರತದ್ದು, ಊರು ಢೋಲಕ್‌ಪುರ, ಜೊತೆಗೆ ಮಾತಾಡುವ ಕೋತಿ. ಹೆಸರಿಗಾಗಿ ಅಣ್ಣ ರಿಜೆಕ್ಟು ಬರೆಯಲು ಹೊರಟಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಗೌಡರ ಅಜ್ಜಿಯೂ ತಕರಾರು ಎತ್ತಿಕೊಂಡು ಬಂದರು.

"ಭೀಮ ಬಂಡಿಗಟ್ಲೆ ಅನ್ನ ಉಂಡು ಬಕಾಸುರನ್ನ ಬಡ್ದೋನು ಕಣಪ್ಪಾ. ಇವ್ನ್ಯಾವನು, ಒಂದು ಲಾಡು ತಿಂದು ಕುಣೀತಾನೆ? ಇದ್ನ ನೋಡ್ಕಂಡು ನಮ್ ಹೈದ ನೀರು ಕೊಡಜ್ಜಿ ಅನ್ನಾಕಿಲ್ಲ, ಪಾನಿ ಅಂತಾನೆ!"

ಅಜ್ಜಿಗೆ ಈ ಭೀಮ ಸಾಕಷ್ಟು ಭೀಮನಲ್ಲ, ಅಣ್ಣನಿಗೆ ಇವನು ಬೇಕಾದ್ದಕ್ಕಿಂತ ಹೆಚ್ಚು ಭೀಮ. ಆದರೂ ಇಬ್ಬರ ತೀರ್ಪೂ ಒಂದೇ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನಿನ ಬಾಯಲ್ಲಿ ಕನ್ನಡ ಆಡಿಸಿದ್ದು ಅಜ್ಜಿಗೆ ಗೊತ್ತು. ಮೊಮ್ಮಗ ಆ ಚಾನೆಲ್ಲಿನಲ್ಲಿ ನಿಲ್ಲುವುದಿಲ್ಲ ಎನ್ನುವುದೇ ಅವರ ದುಃಖ. ಇನ್ನು ಶಿನ್‌ಚಾನ್ ಕಾರ್ಟೂನಿನ ವಿಷಯದಲ್ಲಂತೂ ಕೇಂದ್ರ ಸರ್ಕಾರವೇ ಇವರಿಬ್ಬರ ಪಕ್ಷಕ್ಕೆ ಸೇರಿತ್ತು. 2008ರಲ್ಲಿ ಅದರ ಪ್ರಸಾರಕ್ಕೆ ತಡೆ ಬಿದ್ದು, ಆಮೇಲೆ ಕತ್ತರಿ ಹಾಕಿಸಿಕೊಂಡು ಅದು ಮರಳಿತು. ಅಣ್ಣನ ಭಾಷೆಯಲ್ಲಿ ಆಲ್ಟರು.

ಅಣ್ಣನದು ಸಣ್ಣಪುಟ್ಟ ಬಳಗವೂ ಅಲ್ಲ. 1999ರ ಫೆಬ್ರವರಿಯಲ್ಲಿ ಅಮೆರಿಕದ ಹೆಸರಾಂತ ಪಾಸ್ಟರ್ ಜೆರ್ರಿ ಫಾಲ್‌ವೆಲ್ ಅವರ ಪತ್ರಿಕೆ, ಮಕ್ಕಳ ಟಿವಿ ಕಾರ್ಯಕ್ರಮ ಟೆಲಿಟಬ್ಬೀಸ್‌ನ ಟಿಂಕಿ ವಿಂಕಿಯ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸಿತು. ಮೈಬಣ್ಣ ನೇರಳೆ, ತಲೆ ಮೇಲೆ ತ್ರಿಕೋನ, ಕೈಯಲ್ಲಿ ಬ್ಯಾಗು. ಇದು ಸಲಿಂಗಕಾಮದ ಸಂಕೇತ ಎಂದು. ಮಾತು ಕೂಡ ನೆಟ್ಟಗೆ ಬಾರದ, ಹೊಟ್ಟೆಯಲ್ಲಿ ಟಿವಿ ಇಟ್ಟುಕೊಂಡ ಆ ಗೊಂಬೆ ಪ್ರಪಂಚದ ಸುದ್ದಿಯಾಯಿತು. ಮರುವರ್ಷ ಪೋಕೆಮಾನ್ ಸರದಿ. ವ್ಯಾಟಿಕನ್ನಿನ ಉಪಗ್ರಹ ಚಾನೆಲ್ಲು 2000ದಲ್ಲಿ ಅದನ್ನು ಹೊಗಳಿ, ಮಕ್ಕಳ ನೀತಿಗೆ ಕೇಡಿಲ್ಲ ಎಂದಿತು. 2001ರಲ್ಲಿ ಸೌದಿ ಅರೇಬಿಯಾ ಅದೇ ಪೋಕೆಮಾನನ್ನು ನಿಷೇಧಿಸಿತು. ರೋಮಿನಲ್ಲಿ ಪಾಸಾದ ಪೀಸು ರಿಯಾದಿನಲ್ಲಿ ರಿಜೆಕ್ಟು. ಮಾಕಳಿದುರ್ಗಕ್ಕೆ ಈ ವಿಷಯ ತಲುಪಿದ್ದು ಎಷ್ಟೋ ವರ್ಷದ ಮೇಲೆ, ವಾಟ್ಸಾಪಿನಲ್ಲಿ, "ಹತ್ತು ಜನರಿಗೆ ಕಳಿಸಿರಿ" ಎಂಬ ಒಕ್ಕಣೆಯೊಂದಿಗೆ. ಅಂದಿನಿಂದ ಭಾನುವಾರ ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಹುಡುಗರ ಬೆನ್ನಚೀಲಗಳನ್ನೂ ಅಣ್ಣ ಗಮನಿಸುತ್ತಾರೆ. ಪೋಕೆಮಾನಿನ ಪಿಕಾಚು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ.

ಹಾಗೆಂದು ಅಣ್ಣ ಎಲ್ಲವನ್ನೂ ಬೇಡ ಎನ್ನುವವರಲ್ಲ, ಬದಲಿ ವ್ಯವಸ್ಥೆಯೂ ಇದೆ. ಮೊಬೈಲಿನಲ್ಲಿ ಸೂಪರ್‌ಬುಕ್ ಹಾಕಿಕೊಡುತ್ತಾರೆ. 1981ರಲ್ಲಿ ಅಮೆರಿಕದ ಕ್ರೈಸ್ತ ಪ್ರಸಾರ ಸಂಸ್ಥೆಯೊಂದು ಜಪಾನಿನ ತತ್ಸುನೊಕೊ ಸ್ಟುಡಿಯೋದವರಿಂದ ಮಾಡಿಸಿದ ಬೈಬಲ್ ಕಾರ್ಟೂನು ಅದು. ಹಳೆಯ ಪುಸ್ತಕವೊಂದು ತಾನಾಗಿ ತೆರೆದುಕೊಂಡು ಮಕ್ಕಳನ್ನೂ ರೋಬೋವನ್ನೂ ನೋಹನ ಕಾಲಕ್ಕೆ, ಮೋಶೆಯ ಕಾಲಕ್ಕೆ ಎತ್ತಿಕೊಂಡು ಹೋಗುತ್ತದೆ. ಆರನೇ ಕ್ಲಾಸಿನ ಮಗಳು ಕೇಳಿದಳು, "ಡ್ಯಾಡಿ, ಇದು ಮಾಟ ಅಲ್ವಾ?" ಅಣ್ಣ ಹೇಳಿದರು, "ಅಲ್ಲ. ಹೋಗ್ತಿರೋ ಜಾಗ ನೋಡು."

ಆದರೆ ಸಂಡೇ ಸ್ಕೂಲಿನಲ್ಲಿ ತಪ್ಪದೆ ಬಹುಮಾನ ತೆಗೆದುಕೊಳ್ಳುವ ಮಗಳು ಬಿಡುವ ಜಾತಿಯಲ್ಲ. ಕೋತಿ ಮಾತಾಡುವುದು ತಪ್ಪಾದರೆ ಅರಣ್ಯಕಾಂಡದಲ್ಲಿ ಬಿಳಾಮನ ಕತ್ತೆ ಮಾತಾಡಿದ್ದು? "ಅದು ದೇವರು ಮಾತಾಡಿಸಿದ್ದು." ನಾರ್ನಿಯಾದ ಸಿಂಹ? 1950ರಲ್ಲಿ ಸಿ. ಎಸ್. ಲೂಯಿಸ್ ಬರೆದ ಆ ಕಥೆಯಲ್ಲಿ ಮಾಟಗಾತಿಯೂ ಇದ್ದಾಳೆ, ಆದರೂ ಅದರ ಸಿನಿಮಾ ನೋಡಿ ಎಂದು ಸಭಾಪಾಲಕರೇ ಹೇಳಿದ್ದರು. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: ಸಿಂಹ ಮಾತಾಡಬಹುದು, ಕತ್ತೆ ಮಾತಾಡಬಹುದು, ಕೋತಿ ಬೇಡ.

ಎರಡನೇ ಕ್ಲಾಸಿನ ಮಗನದು ವಾದವಲ್ಲ, ಆಚರಣೆ. ಲಾಡು ತಿಂದರೆ ಶಕ್ತಿ ಬರುತ್ತದೆ ಎಂಬುದೆಲ್ಲ ಸುಳ್ಳು, ಶಕ್ತಿ ಕೊಡುವವನು ಕರ್ತನೊಬ್ಬನೇ, ಬೇಕಾದರೆ ಸಂಸೋನನನ್ನು ನೋಡು ಎಂದು ಅಣ್ಣ ಅವನಿಗೆ ನ್ಯಾಯಸ್ಥಾಪಕರ ಪುಸ್ತಕದಿಂದ ಕಥೆ ಓದಿ ಹೇಳಿದರು. ಕತ್ತೆಯ ದವಡೆ ಎಲುಬಿನಿಂದ ಸಾವಿರ ಜನರನ್ನು ಹೊಡೆದದ್ದನ್ನು, ಕೂದಲು ಬೋಳಿಸಿದ್ದೇ ಅವನ ಶಕ್ತಿ ಹೋದದ್ದನ್ನು ಮಗ ಬಾಯಿ ಬಿಟ್ಟುಕೊಂಡು ಕೇಳಿದ. ಆ ಶನಿವಾರ ದೊಡ್ಡಬಳ್ಳಾಪುರದ ಸೆಲೂನಿನಲ್ಲಿ ಬಿಳಿ ಬಟ್ಟೆ ಹೊದಿಸಿ, ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸುವ ತನಕ ಹುಡುಗ ಸುಮ್ಮನಿದ್ದ. ಕತ್ತರಿ ಹತ್ತಿರ ಬಂದದ್ದೇ ತಡ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂಗತೊಡಗಿದ: "ನನ್ ಶಕ್ತಿ ಹೋಗುತ್ತೆ! ಡ್ಯಾಡೀ, ನನ್ ಶಕ್ತಿ ಹೋಗುತ್ತೆ!" ಸೆಲೂನಿನವರು ಕತ್ತರಿ ಕೆಳಗಿಟ್ಟು, "ಈ ಟಿವಿ ನೋಡಿ ನೋಡಿ ಮಕ್ಕಳು ಹಾಳಾಗೋದ್ವು ಸಾರ್" ಎಂದರು. ಅಣ್ಣ ಹೌದೌದು ಎಂದು ತಲೆಯಾಡಿಸಿದರು. ಬೇರೇನು ಹೇಳಲಾದೀತು?

ಇಷ್ಟೆಲ್ಲ ಕಾವಲಿನ ನಡುವೆ ಒಂದು ಬಾಗಿಲು ಮಾತ್ರ ಸದಾ ತೆರೆದೇ ಇರುತ್ತದೆ. ಜಾಹೀರಾತು ಬಂತೆಂದರೆ ಅಣ್ಣನಿಗೆ ಬಿಡುವು. ಕಾಫಿ ಲೋಟ ಹಿಡಿದು ಒಳಗೆ ಹೋಗುತ್ತಾರೆ. ಆ ಹೊತ್ತಿಗೆ ಸರಿಯಾಗಿ ಹಾಲಿಗೆ ಪುಡಿ ಬೆರೆಸಿ ಕುಡಿದ ಹುಡುಗ ಎತ್ತರವಾಗುತ್ತಾನೆ, ಓಟದಲ್ಲಿ ಗೆಲ್ಲುತ್ತಾನೆ. ಕುಡಿಯದ ಹುಡುಗ ಹಿಂದೆ ಉಳಿದು ಅವಮಾನ ಪಡುತ್ತಾನೆ. ಅದರಲ್ಲಿ ಮಂತ್ರವಿಲ್ಲ, ಕೊಂಬಿಲ್ಲ, ಬಾಲವಿಲ್ಲ. ಲಾಡು ತಿಂದು ಬಲಶಾಲಿಯಾದರೆ ಮಾಟ, ಪುಡಿ ಕುಡಿದು ಎತ್ತರವಾದರೆ ವಿಜ್ಞಾನ. ತಿಂಗಳ ಮೊದಲ ವಾರ ಡಬ್ಬ ತರುವವರೂ ಅಣ್ಣನೇ. ಜೊತೆಗೆ ಬರುವ ಪುಕ್ಕಟೆ ಸ್ಟಿಕ್ಕರಿನಲ್ಲಿ ಯಾರ ಚಿತ್ರವಿದೆ ಎಂದು ತಿರುವಿ ನೋಡಿಯೇ ದುಡ್ಡು ಕೊಡುತ್ತಾರೆ.

ಅಣ್ಣನ ಆತಂಕ ಸುಳ್ಳೇನಲ್ಲ. ಏಳು ವರ್ಷದ ಮಗುವಿಗೆ ಕತೆ ಹೇಳುವವರು ಯಾರು, ಏನನ್ನು ಒಳ್ಳೆಯದು ಎಂದು ಹೇಳಿಕೊಡುತ್ತಿದ್ದಾರೆ ಎಂದು ಕೇಳುವುದು ತಂದೆತಾಯಿಯ ಕೆಲಸವೇ. ಮಕ್ಕಳನ್ನು ಟಿವಿಯ ಮುಂದೆ ಬಿಟ್ಟು ತಾವು ಮೊಬೈಲು ಹಿಡಿಯುವ ಎಷ್ಟೋ ಅಪ್ಪಂದಿರಿಗಿಂತ, ಪಕ್ಕದಲ್ಲೇ ಕೂತು ಗೊಣಗುವ ಈ ಅಪ್ಪ ವಾಸಿ. ತೊಂದರೆಯಿರುವುದು ಅಳತೆಪಟ್ಟಿಯಲ್ಲಿ. ಅದು ಮೂರೂವರೆ ಅಡಿಯವರೆಗೆ ಮಾತ್ರ ಅಳೆಯುತ್ತದೆ, ಅದರ ಮೇಲಿನವರಿಗೆಲ್ಲ ವಿನಾಯಿತಿ.

ಈ ವಿನಾಯಿತಿ ಮಗಳ ಕಣ್ಣಿಗೆ ಬಿದ್ದದ್ದು ಕಳೆದ ಬೇಸಿಗೆ ರಜೆಯಲ್ಲಿ. ರಫ್ ನೋಟ್‌ಬುಕ್ಕಿನಲ್ಲಿ ಅದೇ ನಾಲ್ಕು ಪ್ರಶ್ನೆ ಬರೆದುಕೊಂಡು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಅಪ್ಪನ ನ್ಯೂಸ್ ಚಾನೆಲ್ಲಿನ ಮುಂದೆ ಕೂತಳು. ಮಾಟಮಂತ್ರ: ಇದೆ, ಬೆಳಗ್ಗೆ ಜ್ಯೋತಿಷಿ ಬರುತ್ತಾರೆ. ಹೊಡೆದಾಟ: ಇದೆ, ರಾತ್ರಿ ಒಂಬತ್ತಕ್ಕೆ ಚರ್ಚೆ. ಎದುರುತ್ತರ: ಎಲ್ಲರೂ ಎಲ್ಲರಿಗೂ. ಸುಳ್ಳು: ನಾಳೆ ಗೊತ್ತಾಗುತ್ತದೆ.

"ರಿಜೆಕ್ಟು ಡ್ಯಾಡಿ," ಎಂದು ರಿಮೋಟು ತೆಗೆದುಕೊಂಡಳು.

ಅಡುಗೆಮನೆಯಿಂದ ಅಮ್ಮನ ನಗು ಕೇಳಿಸಿತು. ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ. ಮುಂದಿನ ಪೀಸು ಅಮ್ಮನ ಧಾರಾವಾಹಿ. ಹಾವು ಹೆಂಗಸಾಗುತ್ತದೆ, ಹೆಂಗಸು ಹಾವಾಗುತ್ತಾಳೆ, ಅತ್ತೆ ಪಾಯಸಕ್ಕೆ ಏನೋ ಬೆರೆಸುತ್ತಾಳೆ, ಸೊಸೆ ಬಾಗಿಲ ಸಂದಿಯಿಂದ ನೋಡುತ್ತಾಳೆ. ನಾಲ್ಕಕ್ಕೆ ನಾಲ್ಕೂ ಟಿಕ್.

"ಅದು ಕಥೆ ಕಣೇ," ಅಂದರು ಅಮ್ಮ.

"ಛೋಟಾ ಭೀಮ್ ಏನು, ನ್ಯೂಸಾ?"

ಮನೆಯಲ್ಲಿ ಇತ್ಯರ್ಥವಾಗಲಿಲ್ಲ. ಗೌಡರ ಅಜ್ಜಿಯನ್ನು ಕೇಳೋಣವೆಂದರೆ ಅವರೂ ಅದೇ ಧಾರಾವಾಹಿಯ ಗಿರಾಕಿ. ಕೊನೆಗೆ ಅಣ್ಣ ಆ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ರಾತ್ರಿ ಎಂಟೂವರೆಗೆ ಬೈಕು ಹತ್ತಿ ಸಭಾಪಾಲಕರ ಮನೆಗೆ ಹೋದರು. ಇಡೀ ಸಮಸ್ಯೆಯನ್ನು ಬಾಗಿಲಲ್ಲೇ ನಿಂತು ವಿವರಿಸಿದರು. ಸಭಾಪಾಲಕರು ಗಂಭೀರವಾಗಿ ಕೇಳಿಸಿಕೊಂಡು, ಒಮ್ಮೆ ಒಳಗಿನ ಟಿವಿಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು:

"ಖಂಡಿತ ಪ್ರಾರ್ಥನೆ ಮಾಡೋಣ ಬ್ರದರ್. ಒಳಗೆ ಬನ್ನಿ, ಕೂತ್ಕೊಳ್ಳಿ. ಇದೊಂದು ಎಪಿಸೋಡ್ ಮುಗೀಲಿ."