ತ್ರೀ ನಾಟ್ ತ್ರೀ ಮತ್ತು ಗಾಳಿಸುದ್ದಿ

ಪೊಲೀಸಿನವರಿಗೆ ಅರವತ್ತಕ್ಕೆ ನಿವೃತ್ತಿ. ಅವರ ಹೆಗಲ ಮೇಲಿದ್ದ ಬಂದೂಕಿಗೆ ಆ ನಿಯಮ ಇಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಬ್ಲಾಕಿನ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಮೂವರು ನಿವೃತ್ತ ಪೊಲೀಸರ ಮೊದಲ ತಕರಾರು ಇದೇ. ಒಬ್ಬರು ದಫೇದಾರರು, ಇನ್ನೊಬ್ಬರು ಊರೂರಿನ ಠಾಣೆಗಳಲ್ಲಿ ರೈಟರ್ ಆಗಿದ್ದವರು, ಮೂರನೆಯವರು ಸಿ.ಎ.ಆರ್., ಅಂದರೆ ನಗರ ಸಶಸ್ತ್ರ ಮೀಸಲು ಪಡೆಯಲ್ಲಿದ್ದವರು. ಹೆಸರು ಬೇಡ. ಪಿಂಚಣಿದಾರರಿಗೆ ಈಗ ಯಾರೂ ಮೆಮೋ ಕೊಡಲಾರರು. ಆದರೂ ಅಭ್ಯಾಸಬಲ, ಹೆದರುತ್ತಾರೆ. ಕುವೆಂಪು ಅವರು ಬಾಳಿದ್ದು ಒಂಟಿಕೊಪ್ಪಲಿನ ಕಡೆಯ ‘ಉದಯರವಿ’ಯಲ್ಲಿ, ನಮ್ಮ ಬಡಾವಣೆಗೆ ಬಂದದ್ದು ಅವರ ಹೆಸರು ಮಾತ್ರ. ಸಾಹಿತ್ಯದ ಆ ಕೊರತೆಯನ್ನು ಈ ಮೂವರು ದಿನಾ ಬೆಳಗ್ಗೆ ತುಂಬಿಕೊಡುತ್ತಿದ್ದಾರೆ.

ತ್ರೀ ನಾಟ್ ತ್ರೀ ಎಂದರೆ ಲೀ ಎನ್‌ಫೀಲ್ಡ್ ರೈಫಲ್. ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದು 1895ರಲ್ಲಿ. ಎರಡು ಮಹಾಯುದ್ಧ ಮುಗಿಸಿಕೊಂಡು ಬಂದು ನಮ್ಮ ಠಾಣೆಗಳ, ಖಜಾನೆಗಳ ಬಾಗಿಲಲ್ಲಿ ಸೆಂಟ್ರಿಯ ಕೈಯಲ್ಲಿ ನಿಂತಿತು. ತೂಕ ಸುಮಾರು 4 ಕೆ.ಜಿ. ಒಂದು ಗುಂಡು ಹೊಡೆದ ಮೇಲೆ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಮತ್ತೆ ಗುರಿಯಿಡಬೇಕು. “ಅಷ್ಟರಲ್ಲಿ ಕಳ್ಳ ಮದುವೆಯಾಗಿ, ಅಂಗಡಿ ಇಟ್ಟು, ಮರ್ಯಾದಸ್ಥ ಆಗಿಬಿಟ್ಟಿರ್ತಾನೆ ಸ್ವಾಮಿ” ಎನ್ನುತ್ತಾರೆ ದಫೇದಾರರು. ಹೊಸದಾಗಿ ಸೇರಿದ ಹುಡುಗನೊಬ್ಬ ಬಂದೂಕಿನ ಮೇಲೆ ಕೆತ್ತಿದ್ದ ಇಸವಿ ಓದಿ, ಬೂಟು ಬಿಚ್ಚಿ, ನಮಸ್ಕಾರ ಮಾಡಿ ಎತ್ತಿಕೊಂಡನಂತೆ. “ನಮ್ಮ ತಾತನಿಗಿಂತ ದೊಡ್ಡೋರು ಸಾರ್, ಕಾಲು ತಾಕಿದರೆ ಪಾಪ.”

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಈ ಬಂದೂಕನ್ನು ಗೌರವದಿಂದ ಬೀಳ್ಕೊಟ್ಟರು. ಅದರ ಮಾತು ಬಂದಾಗಲೆಲ್ಲ ದಫೇದಾರರ ಮುಖ ಸಣ್ಣದಾಗುತ್ತದೆ. “ನಂಗೆ ಸೆಂಡ್‌ಆಫ್‌ನಲ್ಲಿ ಒಂದು ಶಾಲು, ಅದೂ ಹಿಂದಿನ ವಾರ ಇನ್ನೊಬ್ಬರಿಗೆ ಹೊದಿಸಿದ್ದು. ಬಂದೂಕಿಗೆ ಪೆರೇಡ್ ನೋಡಿ!”

ಟೋಪಿಯ ವಿಷಯಕ್ಕೆ ಬಂದರೆ ದಫೇದಾರರಿಗೆ ಗಂಟಲು ಉಬ್ಬುತ್ತದೆ. 2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದಲ್ಲಿ ಕಾನ್‌ಸ್ಟೇಬಲ್‌ಗಳಿಗೆ ನೀಲಿ ಬಣ್ಣದ ಪೀಕ್ ಕ್ಯಾಪ್ ತೊಡಿಸಿ, ಹಳೆಯ ಸ್ಲೋಚ್ ಹ್ಯಾಟಿಗೆ ಬೀಳ್ಕೊಡುಗೆ ಹೇಳಿದರು. ಒಂದು ಅಂಚನ್ನು ಮೇಲಕ್ಕೆ ಮಡಿಸಿ ಸಿಕ್ಕಿಸಿದ ಆ ಖಾಕಿ ಟೋಪಿಯನ್ನು ನೋಡದ ಕನ್ನಡಿಗರಿಲ್ಲ. ನೋಡುವವರಿಗೆ ಚೆಂದ. ತಲೆ ಕೊಟ್ಟವರ ಕತೆಯೇ ಬೇರೆ: ಮಳೆಯಲ್ಲಿ ನೀರು ಕುಡಿದು ಭಾರ, ಬಿಸಿಲಲ್ಲಿ ಒಳಗೆ ತಲೆ ಬೇಯುತ್ತದೆ, ಗಲಾಟೆಯಾಗಿ ಓಡಿದರೆ ಎಲ್ಲರಿಗಿಂತ ಮೊದಲು ಓಡಿಹೋಗುವುದು ಅದೇ. “ಕಳ್ಳನ್ನ ಹಿಡೀಲೋ ಟೋಪಿ ಹಿಡೀಲೋ ಅಂತ ನಡುರಸ್ತೇಲಿ ನಿಂತಿದ್ದೀನಿ ಸ್ವಾಮಿ. ಯೋಚನೆ ಮಾಡಿ ಟೋಪೀನೇ ಹಿಡಿದೆ. ಕಳ್ಳ ಹೋದರೆ ಸರ್ಕಾರದ ನಷ್ಟ, ಟೋಪಿ ಹೋದರೆ ನನ್ನ ಕೈಯಿಂದ ಹೋಗುತ್ತೆ.” ಇಷ್ಟು ಬೈದ ಟೋಪಿಯನ್ನು ಅವರು ಎಸೆದಿಲ್ಲ. ಅವರ ಮನೆಯವರು ಅದನ್ನು ಮಗುಚಿ, ಹಗ್ಗ ಕಟ್ಟಿ, ಬೆಳ್ಳುಳ್ಳಿ ತುಂಬಿ ಅಡುಗೆಮನೆಯಲ್ಲಿ ನೇತುಹಾಕಿದ್ದಾರೆ. ನಾನೇ ನೋಡಿದ್ದೇನೆ, ಕೊಕ್ಕೆಗೆ ಸಿಕ್ಕಿಸಿರುವ ಆ ಟೋಪಿಯ ಮಡಿಕೆಯಲ್ಲಿ ಹಾಲಿನ ಚೀಟಿ.

ಜೀಪು ತಳ್ಳುವ ಕತೆ ನಾನು ಬರೆಯುವುದಿಲ್ಲ. ಅದನ್ನು ಸಿನಿಮಾದವರು ತಳ್ಳಿ ತಳ್ಳಿ ಸಾಕುಮಾಡಿದ್ದಾರೆ. ರೈಟರ್ ಅವರ ವಾಕಿಟಾಕಿಯ ಕತೆ ವಾಸಿ. ಅವರಿದ್ದ ಒಂದು ಠಾಣೆಯಲ್ಲಿ ಅದರ ಏರಿಯಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು, ಬ್ಯಾಟರಿಗೆ ಪ್ಲಾಸ್ಟರ್. ಇಡೀ ಊರಿನಲ್ಲಿ ಅದಕ್ಕೆ ಸಿಗ್ನಲ್ ಸಿಗುತ್ತಿದ್ದದ್ದು ಒಂದು ಹುಣಿಸೆಮರದ ಬುಡದಲ್ಲಿ, ಅದೂ ಮುಖ ಪೂರ್ವಕ್ಕೆ ಮಾಡಿದರೆ. ದಿನಾ ರಾತ್ರಿ ಎ.ಎಸ್.ಐ. ಒಬ್ಬರು ಪೂರ್ವಾಭಿಮುಖವಾಗಿ ನಿಂತು, ಕೈ ಮೇಲೆತ್ತಿ, ಏನೋ ಗೊಣಗುವುದನ್ನು ನೋಡಿದ ಊರವರು ಮರದಲ್ಲಿ ಏನೋ ಇದೆ ಎಂದುಕೊಂಡರು. ಸ್ವಲ್ಪ ದಿನದಲ್ಲೇ ಬುಡದಲ್ಲಿ ಅರಿಸಿನ ಕುಂಕುಮ, ಬಾಳೆಹಣ್ಣು. ಕಳ್ಳತನ ಕಡಿಮೆಯಾದದ್ದೂ ನಿಜವಂತೆ, ಶ್ರೇಯಸ್ಸು ಮರಕ್ಕೆ ಹೋಯಿತು.

ಆಯುಧಪೂಜೆಯ ದಿನ ಠಾಣೆಗೆ ಹೋಗಿ ನೋಡಿ. ಲಾಠಿಯಿಂದ ಜೀಪಿನವರೆಗೆ ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಕಂಪ್ಯೂಟರ್ ಬಂದ ಹೊಸದರಲ್ಲಿ ರೈಟರ್ ಭಕ್ತಿಯಿಂದ ಕೀಬೋರ್ಡಿನ ಒಂದೊಂದು ಗುಂಡಿಗೂ ಗಂಧ ಇಟ್ಟರು. ಗಂಧ ಒಣಗಿತು. ಮರುದಿನ ಎಫ್.ಐ.ಆರ್.ನಲ್ಲಿ ‘ಕ’ ಅಕ್ಷರವೇ ಮೂಡದೆ ಕಳ್ಳರೆಲ್ಲ ‘ಳ್ಳ’ರಾದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2024ರ ಜುಲೈ 1ಕ್ಕೆ. ಅಂದು 1860ರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು; ಬಾಯಿಪಾಠವಾಗಿದ್ದ ಅಂಕಿಗಳೆಲ್ಲ ಅದಲುಬದಲು. ಕೊಲೆಯ 302 ಈಗ 103. ವಂಚನೆಯ 420 ಈಗ 318. ರೈಟರ್ ಅಷ್ಟರಲ್ಲಿ ನಿವೃತ್ತರಾಗಿದ್ದರೂ ನೋವು ಮಾತ್ರ ಸೇವೆಯಲ್ಲಿದೆ. “ಫೋರ್ ಟ್ವೆಂಟಿ ಅಂತ ಬೈದರೆ ಕೇಳಿದವನಿಗೆ ಉರೀತಿತ್ತು. ಮುನ್ನೂರ ಹದಿನೆಂಟು ಅಂದರೆ ಬಸ್ ನಂಬರ್ ಅನ್ಕೊಂಡು ಸುಮ್ನೆ ಹತ್ತಿಬಿಡ್ತಾನೆ.” ಅದರ ಜೊತೆಗೇ ಬಂದ ಇನ್ನೊಂದು ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಮಾಡುವಾಗ ವಿಡಿಯೋ ತೆಗೆಯಬೇಕು, ಮೊಬೈಲಿನಲ್ಲೇ ಆಗುತ್ತದೆ. ಒಳ್ಳೆಯ ಕಾನೂನೇ. ಮಗಳ ನಾಮಕರಣದ ವಿಡಿಯೋ ಅಳಿಸಿ ಜಾಗ ಮಾಡಿಕೊಳ್ಳುವ ಕಾನ್‌ಸ್ಟೇಬಲ್‌ನ ಸಂಕಟ ಮಾತ್ರ ಯಾವ ಕಲಮಿಗೂ ಸಿಕ್ಕುವುದಿಲ್ಲ.

ಹಳೆಯ ಸಾಮಾನು ಎಂದು ಬಾಯಿ ತೆಗೆದರೆ ಸಿ.ಎ.ಆರ್.ನವರಿಗೆ ಸಿಟ್ಟು. ಅವರ ಕೈಲಿದ್ದದ್ದು ಮಹಾರಾಜರ ಕಾಲದ ಫಿರಂಗಿ. ವಿಜಯದಶಮಿಯಂದು ಚಿನ್ನದ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ 7 ಫಿರಂಗಿಗಳಿಂದ 21 ಸುತ್ತು ಹಾರಬೇಕು, ಬ್ಯಾಂಡಿನವರ ರಾಷ್ಟ್ರಗೀತೆ ಮುಗಿಯುವುದರೊಳಗೆ. ರಾಷ್ಟ್ರಗೀತೆಗೆ 52 ಸೆಕೆಂಡು. ಅಷ್ಟರಲ್ಲಿ ಪ್ರತಿ ಫಿರಂಗಿಯೂ ಮೂರು ಸಲ ಸಿಡಿಯಬೇಕು. ನಡುವೆ ಉದ್ದದ ಕೋಲಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಬೇಕು. ಒಳಗೊಂದು ಕಿಡಿ ಉಳಿದಿದ್ದರೆ ಮುಂದಿನ ಮದ್ದು ತುಂಬುವವನ ಕೈ ಹೋಯಿತು. ಆನೆ, ಕುದುರೆಗಳು ಬೆದರದಿರಲಿ ಎಂದು ಮೊದಲೇ ತಾಲೀಮು ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಜಂಬೂಸವಾರಿಯಲ್ಲಿ ನೋಡಬೇಕಾದ ಕೆಲಸ ಇದು. ಜನ ಆನೆ ನೋಡುತ್ತಾರೆ. “ತ್ರೀ ನಾಟ್ ತ್ರೀ ಸಿಕ್ಕಿಹಾಕಿಕೊಂಡದ್ದು ಕಂಡಿದ್ದೀನಿ. ಫಿರಂಗಿ ನಮಗೆ ಮೋಸ ಮಾಡಿಲ್ಲ” ಎನ್ನುತ್ತಾರೆ ಅವರು.

ಅವರಿಗೆ ಕಿವಿ ಸ್ವಲ್ಪ ಮಂದ. ಫಿರಂಗಿಯಿಂದಲೋ ವಯಸ್ಸಿನಿಂದಲೋ, ಅವರು ಹೇಳುವುದಿಲ್ಲ. ಬೆಂಚಿನ ಗುಟ್ಟುಗಳೆಲ್ಲ ಕೆಡುವುದು ಇಲ್ಲೇ. ದಫೇದಾರರು ಬಾಗಿ, ಕೈ ಅಡ್ಡ ಹಿಡಿದು, “ಸಾಹೇಬ್ರು ಟ್ರಾನ್ಸ್‌ಫರ್ ಅಂತೆ” ಎಂದು ಪಿಸುಗುಟ್ಟುತ್ತಾರೆ. ಇವರು “ಆಂ?” ಎನ್ನುತ್ತಾರೆ. ಮೂರನೆಯ ಸಲಕ್ಕೆ ಯೋಗ ಮಾಡುತ್ತಿದ್ದ ಹೆಂಗಸರೂ ಶವಾಸನದಿಂದ ಎದ್ದು ಕೂತು ಯಾವ ಸಾಹೇಬ್ರು ಎಂದು ಕೇಳುತ್ತಾರೆ.

ಇಲಾಖೆಯ ಗಾಳಿಸುದ್ದಿಗೆ ಬ್ಯಾಟರಿ ಬೇಡ, ಹುಣಿಸೆಮರ ಬೇಡ. ಸಾಹೇಬರ ಡ್ರೈವರ್, ಆರ್ಡರ್ಲಿ, ಕಂಟ್ರೋಲ್ ರೂಮಿನಲ್ಲಿ ರಾತ್ರಿಪಾಳಿಯಲ್ಲಿ ನಿದ್ದೆ ಬಾರದವನು, ಇಷ್ಟು ಜನ ಸಾಕು. ಅದಕ್ಕಿಂತ ವೇಗ ಕ್ವಾರ್ಟರ್ಸಿನ ನಲ್ಲಿಯದು. ರೈಟರ್‌ಗೆ ವರ್ಗವಾದದ್ದು ಅವರ ಮನೆಯವರಿಗೆ ಬೆಳಗ್ಗೆ ಬಿಂದಿಗೆ ತುಂಬುವಾಗ ಗೊತ್ತಾಯಿತು. ಆದೇಶ ಠಾಣೆಗೆ ಬಂದದ್ದು ಸಂಜೆ, ಟೈಪ್ ಮಾಡಿಕೊಂಡವರು ಸ್ವತಃ ರೈಟರ್. ಅಷ್ಟು ಹೊತ್ತಿಗೆ ಮನೆಯಲ್ಲಿ ಪಾತ್ರೆಗಳು ಗೋಣಿಚೀಲ ಸೇರಿದ್ದವು.

ಹೀಗೇ ಒಮ್ಮೆ ದಫೇದಾರರ ಠಾಣೆಗೆ ಸುದ್ದಿ ಬಂತು: ಬರುವ ಸಾಹೇಬರು ಬೆಳಗಿನ ನಾಲ್ಕಕ್ಕೆ ಎದ್ದು ಓಡುತ್ತಾರಂತೆ, ಹೊಟ್ಟೆ ಬಂದವರನ್ನೆಲ್ಲ ಜೊತೆಗೆ ಓಡಿಸುತ್ತಾರಂತೆ. ಠಾಣೆಯೇ ಗಾಬರಿ. ಒಬ್ಬರು ರಾತ್ರಿ ಮುದ್ದೆ ಬಿಟ್ಟರು, ಒಬ್ಬರು ಸೊಂಟನೋವಿನ ಸರ್ಟಿಫಿಕೇಟು ಮಾಡಿಸಿಟ್ಟುಕೊಂಡರು, ದಫೇದಾರರು ಸಾಲ ಮಾಡಿ ಒಳ್ಳೆಯ ಷೂ ಕೊಂಡರು. ಸಾಹೇಬರು ಬಂದರು, ಮಂಡಿಗೆ ಬೆಲ್ಟು ಕಟ್ಟಿಕೊಂಡು, ಮೆಟ್ಟಿಲು ಹತ್ತಲು ಇಬ್ಬರ ಹೆಗಲು ಹಿಡಿದು. ಎರಡು ವರ್ಷ ಇದ್ದರು, ಒಂದು ದಿನವೂ ಓಡಲಿಲ್ಲ. ದಫೇದಾರರ ಇಡೀ ಸೇವೆಯಲ್ಲಿ ಕೈಗೆ ಬಂದ ಹೊಚ್ಚಹೊಸ ಸಾಮಾನು ಎಂದರೆ ಗಾಳಿಸುದ್ದಿ ನಂಬಿ ಸ್ವಂತ ದುಡ್ಡಿನಲ್ಲಿ ಕೊಂಡ ಆ ಷೂ ಒಂದೇ.